ಸುತ್ತುದಾರಿಯ ಮುದ್ದಪ್ಪ

ಮುದ್ದಪ್ಪನವರು ತಮ್ಮ ಜೀವಮಾನದಲ್ಲಿ ಯಾವ ಜಾಗಕ್ಕೂ ನೆಟ್ಟಗೆ ಹೋದವರಲ್ಲ. ರಸ್ತೆಗಳನ್ನು ನೆಟ್ಟಗೆ ಮಾಡುವ ಇಲಾಖೆಯಲ್ಲಿ ಹೆಡ್ ಕ್ಲರ್ಕಾಗಿ ಕುಳಿತು, ಜಿಲ್ಲೆಯ ಎಷ್ಟೋ ಅಪಾಯಕಾರಿ ತಿರುವುಗಳ ನಿವಾರಣೆಗೆ ಕಡತ ಬರೆದ ಈ ಮಹಾನುಭಾವರು ಸ್ವಂತ ನಡಿಗೆಯ ತಿರುವನ್ನು ಮಾತ್ರ ಕೊನೆಗೂ ಬಿಟ್ಟುಕೊಡಲಿಲ್ಲ. ಮನೆಯೆದುರಿನ ಕಿರಾಣಿ ಅಂಗಡಿಯಲ್ಲಿ ಸಕ್ಕರೆ ತರಬೇಕಾದರೂ ಮೊದಲು ಬೀದಿಯ ತುದಿಯ ಬೇವಿನ ಮರದವರೆಗೆ ನಡೆದು, ಅಲ್ಲಿ ಏನನ್ನೋ ಮರೆತವರಂತೆ ನಿಂತು, ಹಿಂದಿರುಗುವಾಗ ಅಂಗಡಿ ಅಕಸ್ಮಾತ್ತಾಗಿ ಕಣ್ಣಿಗೆ ಬಿದ್ದ ಹಾಗೆ ಒಳಗೆ ಹೋಗುವರು.

ಮಾತೂ ಹಾಗೆಯೇ. ಒಮ್ಮೆ ನಮ್ಮ ಮನೆಗೆ ಬಂದು, ನನ್ನ ಆರೋಗ್ಯವನ್ನೂ ಶೇಂಗಾ ಬೆಳೆಯ ಗತಿಯನ್ನೂ ಹೆಂಚಿನ ಮನೆಗಳ ಒಳಿತು ಕೆಡುಕನ್ನೂ ಸವಿಸ್ತಾರವಾಗಿ ಚರ್ಚಿಸಿ, ಎರಡು ಸಲ ಕಾಫಿ ಕುಡಿದು, ಹೊರಟು, ಗೇಟು ಹಾಕಿಕೊಂಡ ಮೇಲೆ ಆಚೆಯಿಂದ ಕೇಳಿದರು: "ಹಂಗಂತ ಅಲ್ಲ ಮೇಷ್ಟ್ರೆ, ನಿಮ್ಮನ್ಯಾಗೆ ಏಣಿ ಐತೇನ್ರಿ?" 'ಹಂಗಂತ ಅಲ್ಲ' ಎಂಬುದು ಅವರ ಪ್ರತಿಯೊಂದು ಮಾತಿನ ಬಾಗಿಲು. ಹೇಗಂತ ಅಲ್ಲ, ಹಾಗಿಲ್ಲದಿದ್ದರೆ ಮತ್ತೆ ಹೇಗೆ ಎಂಬುದನ್ನು ಅವರು ಯಾರಿಗೂ ತಿಳಿಸಿದವರಲ್ಲ.

ತಮ್ಮ ಮದುವೆಗೆಂದು ಹೊಲಿಸಿದ ಕಡುಹಸಿರು ಕೋಟನ್ನು ದುರ್ಗದ ಬಂಡೆಗಳು ಕಾದು ಕೆಂಡವಾಗುವ ಬೇಸಿಗೆಯಲ್ಲೂ ಅವರು ಕಳಚುತ್ತಿರಲಿಲ್ಲ. ಕೈಗಳನ್ನು ಹಿಂದೆ ಕಟ್ಟಿ, ಮೈಯನ್ನು ಮುಂದಕ್ಕೆ ಬಾಗಿಸಿ ನಡೆಯುವಾಗ ಆ ಕೋಟಿನ ಹಿಂಭಾಗ ಮೊಟ್ಟೆಗೆ ಕೂರಲು ಜಾಗ ಹುಡುಕುವ ಕೋಳಿಯ ಬಾಲದಂತೆ ಎತ್ತಿಕೊಳ್ಳುತ್ತಿತ್ತು. ಎಡಪಾದ ಸದಾ ಹೊರಕ್ಕೆ ತಿರುಗಿರುತ್ತಿತ್ತು, ಅದೊಂದು ಬೇರೆ ಊರಿಗೆ ಹೊರಟಿದೆಯೋ ಎಂಬಂತೆ.

ಇಂಥವರು ಒಂದು ಭಾನುವಾರ ಬೆಳಿಗ್ಗೆ ಬಂದು, ಹಳೇ ಸ್ಕೂಲಿನ ಮೈದಾನದಲ್ಲಿ ಕರಕುಶಲ ಮೇಳ ಹಾಕಿದ್ದಾರೆ, ಹೋಗಾಣ ಬರ್ರಿ ಎಂದರು. ಏಣಿಯ ಅನುಭವವಿದ್ದೂ ನಾನು ಹೊರಟೆ. ಹೊಸ ಚಪ್ಪಲಿ ಬೇರೆ ಹಾಕಿಕೊಂಡೆ. ಪಾಠ ಹೇಳಿಯೇ ಹೊಟ್ಟೆ ಹೊರೆದವನಿಗೆ ಪಾಠ ಕಲಿಯುವ ಅಭ್ಯಾಸ ಇರುವುದಿಲ್ಲ. ಮಧ್ಯಾಹ್ನದ ನಿದ್ರೆಯ ಹೊತ್ತಿಗೆ ಮನೆ ಸೇರಬಹುದೆಂಬುದು ನನ್ನ ಲೆಕ್ಕಾಚಾರವಾಗಿತ್ತು.

ಮೈದಾನದಲ್ಲಿ ಮೂರು ಸಾಲು ತಗಡಿನ ಮಳಿಗೆಗಳು. ಮೂರನೆಯ ಸಾಲಿನ ಕೊನೆಯಲ್ಲಿ ಮುದ್ದಪ್ಪನವರ ಅಕ್ಕ ಕಾಳಕ್ಕ ಐಮಂಗಲದ ಕಡೆಯಿಂದ ಮಹಿಳಾ ಸಂಘದವರ ಜೊತೆ ಕಂಬಳಿ ಮಾರಲು ಬಂದು ಕುಳಿತಿದ್ದಾಳೆಂಬುದು ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು. ಅಕ್ಕ-ತಮ್ಮಂದಿರು ಮಾತು ಬಿಟ್ಟು ವರ್ಷಗಳೇ ಕಳೆದಿವೆಯೆಂಬುದೂ, ಇವತ್ತು ಹೇಗಾದರೂ ಮಾಡಿ ಆ ಮಳಿಗೆಯ ಮುಂದೆ ನಿಲ್ಲಬೇಕೆಂದೇ ಇವರು ಹೊರಟಿದ್ದಾರೆಂಬುದೂ ಗೊತ್ತಿದ್ದರೆ ನಾನು ಕನಿಷ್ಠ ಹಳೆಯ ಚಪ್ಪಲಿಯನ್ನಾದರೂ ಹಾಕಿಕೊಳ್ಳುತ್ತಿದ್ದೆ.

ಮೊದಲ ಸಾಲು ಮಡಕೆ ಕುಡಿಕೆಗಳದು. ಮುದ್ದಪ್ಪನವರು ಒಂದೊಂದನ್ನೂ ಎತ್ತಿ, ಬೆರಳಿನ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿ, ವೈದ್ಯರಂತೆ ತಲೆಯಾಡಿಸಿ ಕೆಳಗಿಟ್ಟರು. ಎರಡನೆಯ ಸಾಲಿನಲ್ಲಿ ಮರದ ಬುಗುರಿ ಆಡಿಸಿದರು. ಗೂಟದಲ್ಲಿದ್ದ ತೊಗಲಿನ ಜೋಡುಗಳನ್ನೆಲ್ಲ ಇಳಿಸಿ ಮೂಸಿ ನೋಡಿದರು. ಬಿದಿರಿನ ಬುಟ್ಟಿಯವನಿಗೆ ಬಿದಿರಿನ ವಿಷಯವಾಗಿ ಉಪನ್ಯಾಸ ಕೊಟ್ಟರು. ಏನನ್ನೂ ಕೊಳ್ಳಲಿಲ್ಲ. ಮೂರನೆಯ ಸಾಲಿನ ತಿರುವಿಗೆ ಬಂದಾಗ ಎಡಪಾದ ಒಂದು ಕ್ಷಣ ಅತ್ತ ಹೊರಳಿತು. ಆಮೇಲೆ ಮೈಯೆಲ್ಲ ಹಿಂದಿರುಗಿತು.

"ಮಡಿಕಿ ಇನ್ನೊಂದು ಸಲ ನೋಡಾಣೇನ್ರಿ ಮೇಷ್ಟ್ರೆ?"

ನೋಡಿದೆವು. ಆಮೇಲೆ ಬುಗುರಿ, ಜೋಡು, ಬಿದಿರು. ಮತ್ತೆ ಮಡಕೆ. ಮೂರನೆಯ ಸುತ್ತಿನಲ್ಲಿ ಮಡಕೆಯವಳು ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತಳು.

"ಏನ್ ಸಾಮಿ, ನನ್ ಮಡಿಕಿ ಮ್ಯಾಲೆ ಮನಸಾಗೈತೋ, ನನ್ ಮ್ಯಾಲೋ? ಮಡಿಕಿ ಆದ್ರೆ ತಗಳ್ರಿ. ನಾನಾದ್ರೆ ನಮ್ಮೆಜಮಾನ್ರು ಚಾ ಕುಡ್ಯಾಕ್ ಹೋಗ್ಯಾರೆ, ಬರ್ತಾರೆ, ಕೇಳ್ಕಂಡ್ ಹೋಗ್ರಿ."

ಮುದ್ದಪ್ಪನವರು "ಹಂಗಂತ ಅಲ್ಲವ್ವ..." ಎಂದು ತೊಡಗುವಷ್ಟರಲ್ಲಿ ನಾನು ಅವರ ಕೋಟು ಹಿಡಿದು ಎಳೆದುಕೊಂಡು ಹೋಗಿ ಹುಣಸೆಮರದ ನೆರಳಿನಲ್ಲಿ ಕೂರಿಸಿದೆ. ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿತ್ತು. ಧ್ವನಿವರ್ಧಕವೊಂದು, ಕಳೆದುಹೋದ ಯಾರನ್ನೋ ಕೂಡಲೇ ಬರಬೇಕೆಂದು ಬೆಳಗಿನಿಂದ ಕರೆಯುತ್ತಲೇ ಇತ್ತು. ಆ ಅದೃಷ್ಟವಂತ ಇನ್ನೂ ಬಂದಿರಲಿಲ್ಲ. ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಮುದ್ದಪ್ಪನವರು ಮಳೆಯಿಂದ ಶುರು ಮಾಡಿ, ಕುರಿಗಳ ಕಾಲುಬಾಯಿ ಜ್ವರದ ಮೂಲಕ ಹಾದು, ಪೊಟ್ಟಣ ಖಾಲಿಯಾಗುವ ಹೊತ್ತಿಗೆ ವಿಷಯದ ಅಂಗಳಕ್ಕೆ ಬಂದರು.

ಅವರ ಜನ ಹಿಂದಿನಿಂದಲೂ ಕುರಿ ಸಾಕಿದವರು. ಮದುವೆಯ ಮನೆಯಲ್ಲಿ ಕರಿಯ ಕಂಬಳಿ ಹಾಸಿ, ಅದರ ಮೇಲೆ ಅಕ್ಕಿ ಹುಯ್ದು, ಕಳಸವಿಟ್ಟು ಗದ್ದಿಗೆ ಮಾಡಿದ ಮೇಲೆಯೇ ಮುಂದಿನ ಶಾಸ್ತ್ರ. ಅವರ ಮನೆತನದಲ್ಲಿ ಆ ಕಂಬಳಿ ಹೆಣ್ಣಿನ ಸೋದರಮಾವನಿಂದ ಬರಬೇಕು. ಕಾಳಕ್ಕನ ಹಿರಿಯ ಮಗಳ ಮದುವೆಯಲ್ಲಿ ಮಾವನಾದ ಮುದ್ದಪ್ಪನವರು, ತಾವು ಸರ್ಕಾರಿ ನೌಕರರಾಗಿ ಊರಿನ ಒರಟು ಕಂಬಳಿ ಒಯ್ಯುವುದೇ ಎಂದು ಯೋಚಿಸಿ, ಪೇಟೆಯ ದೊಡ್ಡ ಅಂಗಡಿಯಿಂದ ಮೆತ್ತನೆಯ ರಗ್ಗೊಂದನ್ನು ಮಿರುಗುವ ಚೀಲದಲ್ಲಿ ತೆಗೆದುಕೊಂಡು ಹೋದರು. ಗದ್ದಿಗೆಯ ಹೊತ್ತಿಗೆ ನೆರೆದವರೆಲ್ಲರ ಎದುರು ಅದನ್ನು ಬಿಚ್ಚಿದರು. ರಗ್ಗಿನ ನಡುವೆ ಬಾಯಿ ತೆರೆದ ಒಂದು ಹುಲಿಯಿತ್ತು.

ಕುಲದ ಯಜಮಾನರು ಹಿಡಿಯಲ್ಲಿದ್ದ ಅಕ್ಕಿಯನ್ನು ಮೊರಕ್ಕೆ ಹಾಕಿಬಿಟ್ಟರಂತೆ. "ಕುರಿ ಕಾಯೋರ ಮನಿಗೆ ಹುಲಿ ಹೊತ್ಕಂಡ್ ಬಂದೀಯಲ್ಲೋ ಮುದ್ದ!" ಬೀಗರು ನಕ್ಕರು. ನೆರೆಮನೆಯಿಂದ ಹಳೆಯ ಕಂಬಳಿ ಎರವಲು ತಂದು ಶಾಸ್ತ್ರ ಮುಗಿಸಿದರು. ಕಾಳಕ್ಕ ಹುಲಿಯನ್ನು ಮಡಿಸಿ ತಮ್ಮನ ಕೈಗಿಟ್ಟಳು; ಮುದ್ದಪ್ಪನವರು ಊಟ ಮಾಡದೆ ಬಸ್ಸು ಹತ್ತಿದರು. ಅಲ್ಲಿಗೆ ಮಾತು ನಿಂತಿತು. ಈಗ ಕಿರಿಯ ಮಗಳ ಮದುವೆ ಗೊತ್ತಾಗಿದೆ. ತಮ್ಮನಿಗೆ ಕರೆ ಬಂದಿಲ್ಲ.

"ಮಾವ ಬದುಕಿದ್ದೂ ಇನ್ನೊಬ್ಬರ ಕಂಬ್ಳಿ ಮ್ಯಾಲೆ ಗದ್ದಿಗಿ ಮಾಡಿದ್ರೆ..." ಎಂದವರು ಕಾಗದದ ಪೊಟ್ಟಣವನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ಬೆಳಿಗ್ಗೇನೇ ನೆಟ್ಟಗೆ ಹೋಗಬಹುದಾಗಿತ್ತಲ್ಲ ಮುದ್ದಪ್ಪನವರೇ."

"ಹಂಗಂತ ಅಲ್ಲ ಮೇಷ್ಟ್ರೆ. ನೆಟ್ಟಗೆ ಹೋದ್ರೆ ಹೋದ ತಕ್ಷಣ ಮುಟ್ಟಿಬಿಡ್ತೀವಿ."

ನಾನು ಹಿಮ್ಮಡಿ ಮುಟ್ಟಿ ನೋಡಿಕೊಂಡೆ. ಬೊಕ್ಕೆ ಇನ್ನಷ್ಟು ದೊಡ್ಡದಾಗಿತ್ತು, ಅಷ್ಟೆ.

ಬಿಸಿಲು ಇಳಿದ ಮೇಲೆ ಮೂರನೆಯ ಸಾಲಿಗೆ ಹೋದೆವು. ಹುಣಸೆಬೀಜದ ಗಂಜಿ ತಿಂದ ಕಂಬಳಿಗಳ ಒಗರು ವಾಸನೆ ದೂರದಿಂದಲೇ ಬಂತು. ಕಾಳಕ್ಕ ತಮ್ಮನನ್ನೇ ಹೆಣ್ಣು ಮಾಡಿದಂತಿದ್ದಳು. ಆದರೆ ಕಣ್ಣು ಮಾತ್ರ ನೆಟ್ಟನೆಯವು. ಉಣ್ಣೆ ಹಿಂಜುತ್ತಿದ್ದವಳು ತಲೆಯೆತ್ತಲಿಲ್ಲ.

"ಬರ್ರಿ. ಬೆಳಗಿಂದ ನೋಡ್ತಿದೀನಿ, ಹಸ್ರು ಕೋಟೊಂದು ಮೂಲಿತಾವ ಬರ್ತತೆ, ತಿರುಗ್ತತೆ, ಹೋಗ್ತತೆ. ಏನ್ ಕೊಡ್ಲಿ?"

"ಕಂಬ್ಳಿ ತೋರ್ಸಕ್ಕ."

"ಹಾಸಾಕೋ, ಹೊದಿಯಾಕೋ?"

"ಹಂಗಂತ ಅಲ್ಲ..."

"ಹೆಂಗಂತ? ಬಾಯಿ ಬಿಟ್ಟು ಹೇಳಲೇ."

"ಗದ್ದಿಗಿಗೆ."

ಹಿಂಜುವ ಕೈ ನಿಂತಿತು. "ಯಾರ ಮದ್ವಿ?"

"ನಿನ್ನ ಕಿರೀ ಮಗಳ್ದು."

"ನಾನು ಕರ್ದಿದೀನಾ?"

"ಕರೀದಿದ್ರೂ ಮಾವ ಮಾವನೇ ಅಲ್ಲೇನಕ್ಕ? ಇದ್ರಾಗೆ ಚಲೋದು ಒಂದು ಕೊಡು."

ಕಾಳಕ್ಕ ಈಗ ತಲೆಯೆತ್ತಿ ತಮ್ಮನನ್ನು ನೋಡಿದಳು. ಸಿಟ್ಟು ಮಾಡಲೂ ಸಾಕಾಗಿಹೋದವರ ನೋಟ ಅದು.

"ನನ್ನ ಅಂಗ್ಡಿ ಕಂಬ್ಳಿ ಕೊಂಡ್ಕಂಡು ನನ್ನ ಮನಿಗೇ ತರ್ತೀಯಾ? ತವರಿಂದ ಬಂತು ಅಂತ ಬೀಗ್ರಿಗೆ ಯಾವ ಬಾಯಾಗೆ ಹೇಳ್ಲಿ? ನೂಲಿದ್ದೋಳು ನಾನು. ಅವತ್ತು ಹುಲಿ ತಂದೆ, ಇವತ್ತು ನಂದೇ ಕಂಬ್ಳಿ ನಂಗೇ ಹೊದಿಸಾಕ್ ಬಂದೀಯ. ಯಾವಾಗಲೋ ನಿಂಗೆ ಬುದ್ಧಿ ಬರಾದು?"

ನಾನು ವಿದ್ಯಾವಂತನೆಂಬ ಹೊಣೆಯಿಂದ, ದಾನದಲ್ಲಿ ಭಾವನೆ ಮುಖ್ಯ, ವಸ್ತು ಗೌಣ ಎಂಬರ್ಥದ ವಾಕ್ಯವೊಂದನ್ನು ಆರಂಭಿಸಿದೆ. ಆಕೆ ಒಂದು ಮಣೆಯನ್ನು ನನ್ನ ಕಡೆ ನೂಕಿದಳು.

"ನೀವು ಕುಂತ್ಕಳ್ರಿ. ಕಾಲು ನೋಯ್ತವೆ ಅಂತ ಮುಖಾನೇ ಹೇಳ್ತತೆ."

ಕುಳಿತೆ. ಅಂದು ಮೇಳದಲ್ಲಿ ನನಗೆ ದೊರೆತ ಅತ್ಯುತ್ತಮ ಕರಕುಶಲ ವಸ್ತು ಆ ಮಣೆ.

ಮುದ್ದಪ್ಪನವರು ನಿಂತೇ ಇದ್ದರು. 'ತಪ್ಪಾಯಿತು' ಎಂಬ ಮಾತು ಈಗ ಬಂದೀತೆಂದು ನಾನು ಕಾದೆ. ಕಾಳಕ್ಕನೂ ಕಾದಳೆಂದು ಕಾಣುತ್ತದೆ, ಯಾಕೆಂದರೆ ಆಕೆ ಉಣ್ಣೆಯನ್ನು ಮುಟ್ಟಲಿಲ್ಲ. ಅವರು ಕೋಟಿನ ಗುಂಡಿ ಬಿಚ್ಚಿ, ಮತ್ತೆ ಹಾಕಿ, ಬಾಯಿ ತೆರೆದರು. ಹೊರಬಿದ್ದದ್ದು ಬೇರೆ.

"ಭರಮಸಾಗರದಾಗೆ ಎತ್ತಪ್ಪ ಇನ್ನೂ ನೇಯ್ತಾನಾ?"

ಭರಮಸಾಗರ ಅವರಿಬ್ಬರೂ ಹುಟ್ಟಿದ ಊರು, ಕಾಳಕ್ಕನ ತವರು. ಎತ್ತಪ್ಪ ಅಲ್ಲಿಯ ಮುದಿ ನೇಕಾರ. ಕಾಳಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನೇಯ್ತಾನೆ. ಕಣ್ಣು ಮಂಜು, ಕೈ ಸುದ್ದ ಐತೆ."

"ಕರೀ ಕುರಿ ಉಣ್ಣಿ ಸಿಗ್ತತಾ ಈಗ?"

"ಹಟ್ಟಿ ಹಟ್ಟಿ ತಿರುಗಿದ್ರೆ ಸಿಗ್ತತೆ. ತಿರುಗಾದು ನಿಂಗೇನ್ ಹೊಸದಾ?" ಆಕೆ ಮತ್ತೆ ಉಣ್ಣೆಗೆ ಕೈ ಹಾಕಿದಳು. "ಬಿಳೇದಕ್ಕೆ ಬಣ್ಣ ಹಾಕ್ಸಿ ತಂದ್ರೆ ಮಾತ್ರ ಬಾಗ್ಲೊಳಗೆ ಕಾಲಿಡಬ್ಯಾಡ."

ಮದುವೆಗೆ ಇಷ್ಟು ಬಿಗಿಯಾಗಿ ಯಾರಾದರೂ ಕರೆದದ್ದನ್ನು ನಾನು ಕೇಳಿಲ್ಲ. ಮುದ್ದಪ್ಪನವರು ಆ ಮಾತನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡವರ ಹಾಗೆ ಎದೆಯ ಮೇಲೆ ಕೈಯಿಟ್ಟುಕೊಂಡು ಹೊರಬಂದರು. ಗೇಟಿನವರೆಗೂ ಅಕ್ಕನ ನಾಲಿಗೆಯನ್ನು ಶಪಿಸಿದರು. ಶಪಿಸುತ್ತ ಎರಡು ಸಲ ನಕ್ಕರು. ನಾನು ಕುಂಟುತ್ತ ಆಟೋ ಏರಿ ಕುಳಿತೆ. ಅವರು ಒಂದು ಕಾಲು ಒಳಗಿಟ್ಟವರು ಗಕ್ಕನೆ ನಿಂತರು.

"ಲಗ್ನ ಯಾವತ್ತು ಅಂತ ಕೇಳಲೇ ಇಲ್ಲ ಕಣ್ರಿ!"

ಇಳಿದು ಹೋದರು. ದೀಪ ಹೊತ್ತಿದ ಮಳಿಗೆಗಳ ನಡುವೆ ಆ ಬಾಗಿದ ಬೆನ್ನು ಮೊದಲು ಬಳೆಯಂಗಡಿಯ ಮುಂದೆ ನಿಂತದ್ದು ಆಟೋದಿಂದಲೇ ಕಾಣಿಸಿತು. ಚಾಲಕ "ತಡ ಆಗ್ತತೇನ್ರಿ?" ಎಂದ. ಆಗುತ್ತದೆ ಎಂದು ಹೇಳಿ ನಾನು ಚಪ್ಪಲಿ ಬಿಚ್ಚಿದೆ.

ತಪ್ಪಾಯಿತು ಎಂಬ ಒಂದು ಮಾತು ನಾಲಿಗೆಗೆ ಹತ್ತದ ಜನ ನಮ್ಮ ಸೀಮೆಯಲ್ಲಿ ಬಹಳ. ಆಡಿ ಮುಗಿಸುವವರು ಒಂದು ಲೋಟ ಕಾಫಿ ಆರುವುದರೊಳಗೆ ಆಡಿ ಮುಗಿಸುತ್ತಾರೆ, ಮರೆತೂ ಬಿಡುತ್ತಾರೆ. ಇವರು ಅದನ್ನು ಹಟ್ಟಿ ಹಟ್ಟಿ ಅಲೆದು ಕೂಡಿಸಬೇಕು, ನೂಲಿಸಬೇಕು, ಮಂಜುಗಣ್ಣಿನ ಮುದುಕನ ಮುಂದೆ ಕುಳಿತು ನೇಯಿಸಿ, ಹೆಗಲ ಮೇಲೆ ಹೊತ್ತು ತರಬೇಕು. ಅಷ್ಟರಲ್ಲಿ ಮುಹೂರ್ತ ಮೀರದಿದ್ದರೆ ಅದು ಕಾಯುವವರ ಪುಣ್ಯ. ಜೊತೆಗೆ ನಡೆದವರಿಗೆ ಆ ಪುಣ್ಯದಲ್ಲಿ ಪಾಲಿಲ್ಲ. ಆದರೂ ಅವರು ಮುಂದಿನ ಭಾನುವಾರ ಕರೆದರೆ ನಾವು ಮತ್ತೆ ಹೊರಡುತ್ತೇವೆ.