ಮೊದಲ ಸಾಲಿನ ಮೇಲೆ ಮಲ್ಲಾಜಮ್ಮ

ಮಾದೇಶ ಉಳಿ ಸುತ್ತಿಗೆ ಹಿಡಿದು ಬರುವಷ್ಟರಲ್ಲಿ ಮಲ್ಲಾಜಮ್ಮ ಕಲ್ಲಿನ ಮೇಲೆ ಕೂತಾಗಿತ್ತು.

ಪಿರಿಯಾಪಟ್ಟಣ ತಾಲ್ಲೂಕಿನ ಹೊನ್ನೇಕಟ್ಟೆಯಲ್ಲಿ ಯೇಸುವಿನ ತಾಯಿ ಮರಿಯಮ್ಮನ ದೇವಾಲಯಕ್ಕೆ ಎಪ್ಪತ್ತೈದು ವರ್ಷ ತುಂಬುತ್ತಿತ್ತು. ಅದರ ಚರಿತ್ರೆಯನ್ನು ಆ ಕಲ್ಲಿನಲ್ಲಿ ಕೆತ್ತಿಸುವವರಿದ್ದರು. ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದ ಮೊದಲ ಸಾಲನ್ನು ಓದು ಬಾರದ ಮಲ್ಲಾಜಮ್ಮನಿಗೆ ಮೊಮ್ಮಗಳು ಸೌಂದರ್ಯ ಹಿಂದಿನ ದಿನ ಓದಿ ಹೇಳಿದ್ದಳು: ‘ಒಬ್ಬ ರೈತ ಉಳುವಾಗ ನೇಗಿಲಿಗೆ ಈ ಕಂಚಿನ ಪ್ರತಿಮೆ ಸಿಕ್ಕಿತು.’

ಸಿಕ್ಕಿದ್ದು ಮಲ್ಲಾಜಮ್ಮನ ಅತ್ತೆ ಪುಟ್ಟಸಿದ್ದಮ್ಮನ ಕೈಗೆ. ರೇಷನ್ ಕಾರ್ಡ್ ಬಿಟ್ಟರೆ ಆಕೆಯ ಹೆಸರನ್ನು ಯಾರೂ ಎಲ್ಲೂ ಬರೆದವರಲ್ಲ.

“ಏಳಮ್ಮೋ, ಬಿಸ್ಲು ಏರ್ತದೆ,” ಅಂದ ಮಾದೇಶ.

“ಏರ್ಲಿ ಬುಡ್ಲಾ. ನಾನೇನು ಬೆಣ್ಣೆಯಾ, ಕರಗೋಕೆ?”

ಫಾದರ್ ಇನ್ನಾಸಪ್ಪ ಬಂದರು. “ಅಜ್ಜಿ, ದೇವಾಲಯದ ಹಳೇ ಪುಸ್ತಕದಲ್ಲೇ ಹಾಗಿದೆ. ನಾನು ಸೇರಿಸಿದ್ದಲ್ಲ.”

“ಸಿಕ್ಕಿದ ದಿನ ಯಾವ್ದು ಅಂತ ಬರ್ದವ್ರೆ, ಸ್ವಾಮಿ?”

“ಆಗಸ್ಟ್ ಹದಿನೆಂಟು. ಹಬ್ಬ ಮಾಡೋದು ಅದೇ ದಿನ.”

“ಆ ವೊಲ್ದಲ್ಲಿ ಯಾವತ್ತೂ ರಾಗೀನೇ. ಆಗ ಪೈರು ಗೇಣುದ್ದ ಬಂದಿರ್ತದೆ. ಅದ್ರ ಮ್ಯಾಲೆ ನೇಗ್ಲು ಹೊಡ್ಯೋ ರೈತನ್ನ ನೀವೇ ತೋರ್ಸಿ.”

“ಅವ್ನು ರೈತ ಅಲ್ಲ ಕಣ್ರೀ ಫಾದರ್, ಹುಚ್ಚ!” ಮಾದೇಶ ನಕ್ಕ.

ಗೇಣುದ್ದದ ಪೈರಿನಲ್ಲಿ ಮಾಡುವ ಕೆಲಸ ಕಳೆ ಕೀಳುವುದು ಎಂದು ಫಾದರ್‌ಗೆ ಹೊಳೆಯಿತು. ಪ್ರತಿ ಹಬ್ಬಕ್ಕೂ ಈ ಮುದುಕಿ ಪ್ರತಿಮೆಯ ಪಾದದ ಬಳಿ ಒಂದು ಹಿಡಿ ಕಳೆ ಇಟ್ಟು ಹೋಗುತ್ತಿದ್ದಳು. ಹೂವಿನ ನಡುವೆ ಇದೆಲ್ಲಿಯ ಕಸ ಎಂದು ಎರಡು ವರ್ಷ ಅವರೇ ಗುಡಿಸಿ ಹಾಕಿಸಿದ್ದರು.

“ಆ ಕಳೆ...”

“ನಮ್ಮತ್ತೆ ಕೀಳ್ತಿದ್ದ ಕಳೆ ಅದು. ಮಳೆಗೆ ಮಣ್ಣು ಕೊಚ್ಚೋಗಿ ತಾಯಿ ತಲೆ ಕಾಣ್ತಿತ್ತಂತೆ. ಬಗೆದು ತೆಗ್ದು, ಕೆಸ್ರಲ್ಲಿ ಮಡುಗ್ಬಾರ್ದು ಅಂತ ಕಳೆ ಹಾಸಿ ಅದ್ರ ಮ್ಯಾಲೆ ಮಲಗಿಸಿದ್ಲು. ನೀವು ಗುಡಿಸಿದ್ರಿ. ನಾನೇನಾರ ಅಂದ್ನಾ?”

“ತಪ್ಪಾಯ್ತು ಅಜ್ಜಿ. ‘ರೈತ ಮಹಿಳೆಯೊಬ್ಬರು ಕಳೆ ಕೀಳುವಾಗ’ ಅಂತ ಕೆತ್ತಿಸ್ತೀನಿ.”

“ಯಾಕೆ, ಅವ್ಳಿಗೆ ಹೆಸರಿರ್ಲಿಲ್ವಾ?”

ಫಾದರ್ ಮಾದೇಶನ ಕೈಯಿಂದ ಒದ್ದೆ ಬಟ್ಟೆಯನ್ನೂ ಸೀಮೆಸುಣ್ಣವನ್ನೂ ತೆಗೆದುಕೊಂಡು ಕಲ್ಲಿನ ಪಕ್ಕ ಮಂಡಿಯೂರಿದರು. “ಪುಟ್ಟಸಿದ್ದಮ್ಮ ಅಲ್ವಾ? ಸ್ವಲ್ಪ ಏಳಿ, ಹಳೇ ಸಾಲು ಒರೆಸ್ತೀನಿ.”

ಮಲ್ಲಾಜಮ್ಮ ಏಳಲಿಲ್ಲ. ಒಂದು ಸಾಲಿಗೆ ಎಷ್ಟು ಜಾಗ ಬೇಕೋ ಅಷ್ಟೇ ಹಿಂದಕ್ಕೆ ಸರಿದು ಕೂತಳು.

“ಬರೀರಿ. ಆಮೇಕೆ ನಮ್ ಸೌಂದರ್ಯ ಬಂದು ಓದ್ಲಿ. ಆಗ ಏಳ್ತೀನಿ.”