ಕಿರುಬೆರಳ ಗೆಣ್ಣಿನಷ್ಟು ದೂರ

ಶಿಕಾಗೋ ಬಿಟ್ಟು ಎರಡನೆಯ ದಿನ. ಲುವೀನಾ ತೊಡೆಯ ಮೇಲೆ ರೈಲು ನಕ್ಷೆ ಬಿಡಿಸಿಕೊಂಡು, ಎದುರಿಗೆ ಕೂತ ಹೆಂಗಸು ಕೇಳದಿದ್ದರೂ ಹೇಳಿದಳು: "ಇದನ್ನ ಕೊರೆದದ್ದು ನಮ್ಮನೆಯವ್ರೇ."

ಪಕ್ಕದಲ್ಲಿದ್ದ ಗಂಡ ಆರಿನ್ ಕೆಮ್ಮಿ ಕಿಟಕಿಯತ್ತ ತಿರುಗಿದ. ಮೂವತ್ತು ವರ್ಷ ರೈಲು ಕಂಪನಿಗಳಿಗೆ ಅಚ್ಚಿನ ತಗಡಿನ ಮೇಲೆ ನಕ್ಷೆ ಕೊರೆದು ಬೆನ್ನು ಬಾಗಿದ್ದ ಮನುಷ್ಯ. ಹೊಗಳಿಕೆ ಕೇಳಿ ಹಿಗ್ಗಬೇಕಾದ ಹೊತ್ತಿನಲ್ಲಿ ಅವನು ಆ ನಕ್ಷೆಯ ಕಡೆ ನೋಡಲೂ ಹೋಗಲಿಲ್ಲ.

ನೆಬ್ರಾಸ್ಕಾದಲ್ಲಿ ಮಗಳು ಹೆಸ್ಟರ್‌ಗೆ ದಿನ ತುಂಬಿತ್ತು. ಚೊಚ್ಚಲ ಹೆರಿಗೆ. ಅಮ್ಮ ಹತ್ತಿರ ಇದ್ದರೆ ಹೆದರಿಕೆಯಿಲ್ಲ ಎಂದು ಬರೆದಿದ್ದಳು.

"ಡನ್ಮೋರ್ ಸ್ಟೇಷನ್ನಲ್ಲಿ ಇಳಿದ್ರೆ, ನಕ್ಷೆ ಮೇಲೆ ಅವಳೂರು ಕಿರುಬೆರಳ ಗೆಣ್ಣಿನಷ್ಟು ದೂರ. ಮೂರು ಮೈಲಿ ಇರ್ಬೇಕು, ನಡ್ಕೊಂಡೇ ಹೋಗೋಣ" ಎಂದ ಲುವೀನಾ ಹುಬ್ಬು ಗಂಟಿಕ್ಕಿದಳು. "ಅಲ್ರೀ, ಬಿಸಿಲು ಈ ಕಿಟಕಿಯಲ್ಲಿತ್ತು, ಆ ಕಡೆ ಹೋಯ್ತು, ಈಗ ಮತ್ತೆ ಇಲ್ಲಿಗೇ ಬಂತು. ರೈಲು ಹಾವಿನ ಹಾಗೆ ಹೋಗ್ತಿದೆ. ನಿಮ್ಮ ಗೆರೆ ಮಾತ್ರ ಅಡಿಪಟ್ಟಿ ಇಟ್ಟು ಎಳೆದ ಹಾಗಿದೆ!"

ಇನ್ನು ಮುಚ್ಚಿಟ್ಟು ಉಪಯೋಗವಿಲ್ಲವೆಂದು ಆರಿನ್ ಬಾಯಿಬಿಟ್ಟ. "ನಕ್ಷೆ ಮಾಡಿಸೋ ಕಂಪನಿ ದಾರಿ ನೆಟ್ಟಗೆ, ದಪ್ಪಗೆ ಇರ್ಬೇಕು. ಬೇರೆಯವರದ್ದು ಕೂದಲೆಳೆ, ಸೊಟ್ಟಪಟ್ಟ. ನಮ್ಮ ಕಸುಬಲ್ಲಿ ಎಲ್ಲರೂ ಮಾಡೋದೇ ಇದು."

ಎದುರಿನ ಹೆಂಗಸು ನಗು ತಡೆಯಲಾರದೆ ಬುಟ್ಟಿಯಲ್ಲಿ ಏನೋ ಹುಡುಕತೊಡಗಿದಳು.

"ಮತ್ತೆ ಹೆಸ್ಟರ್ ಊರು?"

"ಇಪ್ಪತ್ತು ಮೈಲಿ."

"ಅದನ್ನ ಹತ್ತಿರ ತೋರ್ಸಿದ್ದೂ ಕಂಪನಿಯವರು ಹೇಳಿದ್ದಕ್ಕಾ?"

"ಇಲ್ಲ, ಅದು ನಾನೇ." ಅವನ ದನಿ ಇಳಿಯಿತು. "ಅವಳು ಮದುವೆಯಾಗಿ ಹೋದ ವರ್ಷ ಈ ನಕ್ಷೆ ಕೈಗೆ ಬಂತು. ಅವಳೂರು ಒಂದು ಚುಕ್ಕಿ. ಅಷ್ಟು ದೂರ ಇಡೋಕೆ ಕೈ ಬರ್ಲಿಲ್ಲ ಲುವೀನಾ, ರೈಲಿನ ಪಕ್ಕಕ್ಕೆ ತಂದೆ. ಆಮೇಲೆ ನೀನು ದಿನಾ ಬೆರಳಿಟ್ಟು ನೋಡಿ ಸಮಾಧಾನ ಮಾಡ್ಕೋತಿದ್ದೆ. ಹೇಗೆ ಹೇಳ್ಲಿ? ಇಳಿದು ಯಾವುದಾದ್ರೂ ಗಾಡಿ ಹುಡುಕೋಣ."

"ಸಿಗದಿದ್ರೆ? ಅಷ್ಟರಲ್ಲಿ ನೋವು ಶುರುವಾದ್ರೆ?"

ಅವಳು ನಕ್ಷೆ ಮಡಿಸಿಟ್ಟು, ಡನ್ಮೋರ್ ಬರುವ ಮೊದಲೇ ಗಂಟುಮೂಟೆ ಎತ್ತಿಕೊಂಡು ಬಾಗಿಲ ಬಳಿ ಹೋಗಿ ನಿಂತಳು.

ನಿಲ್ದಾಣದ ಹೊರಗೆ ಹುಲ್ಲು ಹಾಸಿದ ಕುದುರೆಗಾಡಿ ನಿಂತಿತ್ತು. ಅಳಿಯ ಸೈಲಸ್ ಟೋಪಿ ತೆಗೆದು ಓಡಿ ಬಂದ.

"ನಿನ್ನೆಯಿಂದ ಇಲ್ಲೇ ಕಾಯ್ತಿದೀನಿ ಅತ್ತೆ. 'ಅಪ್ಪನ ನಕ್ಷೆ ನಂಬಿ ಅಮ್ಮ ನಡ್ಕೊಂಡೇ ಹೊರಟುಬಿಡ್ತಾಳೆ, ಹೋಗು' ಅಂತ ಹೆಸ್ಟರೇ ಓಡಿಸಿದ್ಲು. ಪಕ್ಕದ ಮನೆಯವರು ಜೊತೆಗಿದ್ದಾರೆ. ನಾನು ಹೊರಡೋವಾಗ ಮಗು ಅಜ್ಜಿ ಬರ್ಲಿ ಅಂತ ಹಟ ಹಿಡಿದು ಹೊಟ್ಟೇಲೇ ಕೂತಿತ್ತು."

"ನಕ್ಷೆ ವಿಷಯ ಅವಳಿಗೆ ಗೊತ್ತಾ?" ಆರಿನ್ ಕೇಳಿದ.

"ಗೊತ್ತಿಲ್ದೆ ಏನು ಮಾವ! ನಮ್ಮನೆ ಗೋಡೆ ಮೇಲೆ ಅದೇ ಇದೆ. 'ನೋಡಿ, ನಮ್ಮಪ್ಪ ನನ್ನ ಎಷ್ಟು ಹತ್ತಿರಕ್ಕೆ ಎಳ್ಕೊಂಡಿದಾರೆ' ಅಂತ ಬಂದವರಿಗೆಲ್ಲ ತೋರಿಸ್ತಾಳೆ."

ಗಾಡಿ ಹತ್ತಲು ಹೋದ ಆರಿನ್‌ಗೆ ಕಣ್ಣು ಮಂಜಾಗಿ ಮೆಟ್ಟಿಲು ಕಾಣಲಿಲ್ಲ. ಲುವೀನಾಳೇ ಕೈ ಹಿಡಿದು ಹತ್ತಿಸಿಕೊಂಡಳು.

ಇಪ್ಪತ್ತು ಮೈಲಿ ನಿಜಕ್ಕೂ ಇಪ್ಪತ್ತು ಮೈಲಿಯೇ. ಅರ್ಧ ದಾರಿಯಲ್ಲಿ, ಮೈಯೆಲ್ಲ ಧೂಳಾಗಿ ಕುಲುಕುತ್ತಿರುವಾಗ, ಅವಳು ಅವನ ಭುಜಕ್ಕೆ ಒರಗಿದಳು.

"ರೀ, ಮುಂದಿನ ಸಲ ಕೊರೆಯುವಾಗ ಅವಳೂರನ್ನ ನಮ್ಮ ಶಿಕಾಗೋ ಪಕ್ಕಕ್ಕೇ ತಂದುಬಿಡಿ."