ಜಿತೇಶನನ್ನೂ ಒಂದು ಮಾತು ಕೇಳಿ

ಬೂತಾಯಿ ಮೀನಿನ ತಲೆ ತೆಗೆಯುತ್ತಿದ್ದ ಹೇಮಾಕ್ಷಿಯ ಕೈ ನಿಂತುಬಿಟ್ಟಿತು. ಕಡಲ ಬದಿಯ ಊರು ಬೆಂಗ್ರೆಯ ಓಣಿಯಲ್ಲಿ ಆಶಾ ಕಾರ್ಯಕರ್ತೆ ರೊಸಾಲಿನ್ ಬರುತ್ತಿದ್ದಳು.

"ಹೇಮಕ್ಕಾ, ಆ ಸಂಶೋಧನೆಯವರ ಪತ್ರಕ್ಕೆ ಉತ್ತರ ಹಾಕಿದ್ರಾ? ಮಳೆಗಾಲಕ್ಕೆ ಮೊದಲೇ ಬಂದದ್ದಲ್ವಾ?"

"ಇಲ್ಲ ಮಾರಾಯ್ತಿ. ಹೆದರಿಕೆ ಆಗ್ತದೆ."

ಹೇಮಾಕ್ಷಿಯ ಮಗ ಜಿತೇಶನಿಗೆ ಇಪ್ಪತ್ತಾರು ವರ್ಷ. ಬುದ್ಧಿಯ ಬೆಳವಣಿಗೆ ನಿಧಾನ, ಆಗಾಗ ಫಿಟ್ಸ್ ಬೇರೆ. ಅವನ ರಕ್ತ ತೆಗೆದು ವಂಶವಾಹಿ ಪರೀಕ್ಷೆ ಮಾಡುತ್ತೇವೆ, ಹುಟ್ಟಿನಿಂದಲೇ ಮೈಯಲ್ಲಿ ಬಂದದ್ದು ಏನೆಂದು ನೋಡುತ್ತೇವೆ, ಒಪ್ಪಿಗೆ ಕೊಡಿ ಎಂದು ಸಂಶೋಧನೆ ಮಾಡುವ ಡಾಕ್ಟರರು ಬರೆದಿದ್ದರು.

"ಹೆಸರು ಹೊರಗೆ ಬಿದ್ರೆ ಮಗಳು ಮೋಕ್ಷಾಳಿಗೆ ಬಂದ ಸಂಬಂಧ ಮುರೀತದೆ. ಮತ್ತೆ ಇಂಥ ಮಕ್ಕಳು ಹುಟ್ಟುದೇ ಬೇಡ ಅಂತ ಅವರು ಹೇಳಿದ್ರೆ?" ಎಂದಳು ಹೇಮಾಕ್ಷಿ.

ಬಲೆ ಹೊಲಿಯುತ್ತಿದ್ದ ಗಂಡ ಮೋಹನದಾಸ್ ರೇಗಿದ. "ಸೈನ್ ಹಾಕಿ ಬಿಸಾಡು. ಡಾಕ್ಟರಿಗಿಂತ ಜಾಸ್ತಿ ಗೊತ್ತುಂಟಾ ನಿನಗೆ?"

"ಹೇಮಕ್ಕನ ಹೆದರಿಕೆ ಸುಳ್ಳಲ್ಲ ಅಣ್ಣಾ," ಎಂದಳು ರೊಸಾಲಿನ್. "ಇದ್ರಿಂದ ಫಿಟ್ಸಿಗೆ ಸರಿಯಾದ ಮದ್ದು ಸಿಗ್ಲೂಬಹುದು. ಇದೇ ವಿದ್ಯೆ ಹಿಡ್ಕೊಂಡು ಇಂಥವರು ಬೇಡ ಅನ್ನುವವರೂ ಇದ್ದಾರೆ. ಅದಕ್ಕೇ ಎಲ್ಲ ಕೇಳಿ ತಿಳ್ಕೊಂಡು ಕೊಡ್ಬೇಕು. ಜಿತೇಶ್ ಎಂತ ಹೇಳಿದ?"

"ಅವನನ್ನು ಎಂತ ಕೇಳುದು? ಯಾವ ಅಂಗಿ ಹಾಕ್ಬೇಕು ಅಂತ ಸಹ ನಾನೇ ಹೇಳ್ಬೇಕು!" ಎಂದಳು ಹೇಮಾಕ್ಷಿ.

ಜಿತೇಶ್ ಬಾಗಿಲಲ್ಲೇ ನಿಂತಿದ್ದ.

"ಅಮ್ಮಾ, ನನ್ನಂಥವರು ಹುಟ್ಟುದು ಬೇಡ್ವಾ?"

ಹೇಮಾಕ್ಷಿ ಮೀನು ಬಿಟ್ಟು ಎದ್ದಳು. ಇವನಿಗೆಲ್ಲಿ ತಿಳಿಯುತ್ತದೆ ಎಂದುಕೊಂಡು ಇಷ್ಟು ವರ್ಷ ಅವನ ಎದುರೇ ಏನೆಲ್ಲ ಆಡಿದ್ದಳೋ! ಮೀನಿನ ಕೈಯಲ್ಲೇ ಅವನನ್ನು ತಬ್ಬಿಕೊಂಡಳು.

"ನೀನು ಬೇಕು ಮಗಾ. ನೀನೇ ಬೇಕು."

"ಕೈ ವಾಸನೆ ಅಮ್ಮಾ."

ರೊಸಾಲಿನ್ ಅವನ ಪಕ್ಕ ಕುಳಿತು ನಿಧಾನವಾಗಿ ಹೇಳಿದಳು. "ಸೂಜಿ ಚುಚ್ಚಿ ಸ್ವಲ್ಪ ರಕ್ತ ತೆಗೀತಾರೆ. ಫಿಟ್ಸ್ ಯಾಕೆ ಬರ್ತದೆ ಅಂತ ನೋಡ್ತಾರೆ. ನೀನು ಬೇಡ ಅಂದ್ರೆ ಬೇಡ. ಆದ್ರೂ ನಿನ್ನ ಫಿಟ್ಸಿನ ಮಾತ್ರೆ ನಿಲ್ಲುದಿಲ್ಲ."

ಜಿತೇಶ್ ತನ್ನ ತೋಳನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

"ಫಿಟ್ಸ್ ನೋಡ್ಲಿ. ಬೇರೆ ಎಂತ ನೋಡುದಾದ್ರೂ ನನ್ನನ್ನು ಕೇಳ್ಬೇಕು."

ಮೋಹನದಾಸ್ ಬಲೆ ಕೆಳಗಿಟ್ಟ. "ಇವ ನನಗಿಂತ ಹುಷಾರಿ ಮಾರಾಯ್ತಿ! ಅವ ಹೇಳಿದ ಹಾಗೇ ಬರೀರಿ."

ಒಳಗಿದ್ದ ಮೋಕ್ಷಾ ಕಾಗದ ತಂದು ಉತ್ತರ ಬರೆದಳು. ರಕ್ತ ಯಾರ ಕೈಗೆ ಹೋಗುತ್ತದೆ, ಹೆಸರು ಯಾರು ನೋಡುತ್ತಾರೆ, ಆಮೇಲೆ ಬೇಡವೆನಿಸಿದರೆ ಹಿಂದೆ ಸರಿಯಬಹುದೇ, ಇದಕ್ಕೆಲ್ಲ ಉತ್ತರ ಬಂದ ಮೇಲೆಯೇ ಒಪ್ಪಿಗೆ ಎಂದು. ಜಿತೇಶನ ಮಾತನ್ನು ಅವನು ಹೇಳಿದಂತೆಯೇ ಸೇರಿಸಿದಳು. ಹೇಮಾಕ್ಷಿಯ ಹೆದರಿಕೆ ಪೂರ್ತಿ ಹೋಗಲಿಲ್ಲ. ಆದರೆ ಈಗ ಅದನ್ನು ಮನೆಯ ನಾಲ್ಕೂ ಜನ ಹಂಚಿಕೊಂಡಿದ್ದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಇಂಥ ಪತ್ರ ಬಂದೀತು. ಹೆದರಿ ಮುಚ್ಚಿಡಬೇಡಿ, ಹೆದರಿ ಸಹಿಯನ್ನೂ ಹಾಕಬೇಡಿ. ಯಾರ ರಕ್ತವೋ ಅವರನ್ನು ಮೊದಲು ಕೇಳಿ, ಅವರಿಗೆ ತಿಳಿಯುವ ಮಾತಿನಲ್ಲಿ.

ಮರುದಿನ ತಾಯಿ ಮಗ ಫೆರಿ ದೋಣಿಯಲ್ಲಿ ಹೊಳೆ ದಾಟಿ ಪೇಟೆಗೆ ಹೋದರು. ಅಂಚೆ ಪೆಟ್ಟಿಗೆಯ ಬಾಯಿಗೆ ಲಕೋಟೆ ಹಿಡಿದು ಜಿತೇಶ್ ಒಮ್ಮೆ ಅಮ್ಮನ ಮುಖ ನೋಡಿದ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅವನೇ ಲಕೋಟೆಯನ್ನು ಒಳಗೆ ಹಾಕಿದ.